ಸ್ಲೈಡ್ ಮತ್ತೊಮ್ಮೆ ನೋಡಿದ ಆ ಮೇಡಮ್ಮಾರಿಗೆ

ನಮ್ಮ ಅಕ್ಕನ ಮಗಳಿಗೆ 11 ವರ್ಷ, ಕುತ್ತಿಗ್ಯಾಗ ಹುಣಸಿ ಬೀಜದಷ್ಟು ಗಂಟು ಆಗಿತ್ರಿ, ಗದಗಿನ್ಯಾಗ ಒಬ್ರು ಬರೇ ನೆಗಡಿ ಗಂಟು ಬಿಡ್ರಿ ಅಂದ್ರು, ನಾವೂ ನಾಕು ತಿಂಗಳ ಸುಮ್ನ ಕುಂತ್ವಿ. ಆಮ್ಯಾಲೆ ಹುಬ್ಬಳ್ಳ್ಯಾಗ ಸಣ್ಣ ಸೂಜಿಲೆ ಜೀವಕೋಶ ತಗದು ಎಫ್‌ಎನ್‌ಎಸಿ ಮಾಡಿದಾಗ ಲ್ಯಾಬಿನ ಮೇಡಮ್, ಹೆಸರು ಕೇಳೋದ ಆಗ್ಲಿಲ್ಲ, ನನ್ನ ಕರದು ಮೈಕ್ರೋಸ್ಕೋಪಿನ್ಯಾಗ ತೋರಿಸಿದ್ರು, ಕೋಶದ ನಡು ಉಪ್ಪು-ಮೆಣಸಿನ ಪುಡಿ ಉದುರಿಸಿದಂಗ ಕಾಣ್ತಿತ್ತು. ಇದು ಮೆಡುಲರಿ ಥೈರಾಯ್ಡ್ ಕ್ಯಾನ್ಸರ್, ಅಂದ್ರ ಕುತ್ತಿಗ್ಯಾಗಿನ ಥೈರಾಯ್ಡ್ ಗ್ರಂಥಿಯ ಒಂದು ತರದ ಕ್ಯಾನ್ಸರ್ ಇರಬಹುದು, ಮಕ್ಕಳಾಗ ಭಾಳ ಅಪರೂಪ, ರಕ್ತದಾಗ ಕ್ಯಾಲ್ಸಿಟೋನಿನ್ (ಈ ಕ್ಯಾನ್ಸರಿನ ಕೋಶ ಜಾಸ್ತಿ ಬಿಡೋ ಹಾರ್ಮೋನ್) ನೋಡಸ್ರಿ, ಮನಿತನದಾಗ ಬರೋದು ಇರತೈತಿ, ಆರ್‌ಇಟಿ ಜೀನ್‌ನ್ಯಾಗ ದೋಷ ಇದ್ರ ಹಂಗ ಬರತೈತಿ, ಅದರ ಟೆಸ್ಟೂ ಮಾಡಸ್ರಿ ಅಂತ ಸಮಾಧಾನದಿಂದ ಹೇಳಿದ್ರು. ಕ್ಯಾಲ್ಸಿಟೋನಿನ್ ಭಾಳ ಜಾಸ್ತಿನ ಬಂತು. ಆಪರೇಷನ್ ಆತು, ಈಗ ಹುಡುಗಿ ಸಾಲಿಗೆ ಹೊಂಟಾಳ. ಮೇಡಮ್, ಊಟದ ಹೊತ್ತು ಮೀರಿದ್ರೂ ಡಬ್ಬಿ ಬಾಜೂಕ ಸರಿಸಿ ಇನ್ನೊಂದ್ಸಲ ಸ್ಲೈಡ್ ನೋಡಿದ್ರಲ್ಲ, ನಿಮಗ ನಮ್ಮ ಮನಿ ಮಂದಿಯೆಲ್ಲ ಕೈ ಮುಗೀತೇವ್ರಿ.