ಶೀರ್ಷಿಕೆಯಲ್ಲೇ ಇಲಿ ಕಾಣಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ‘ಮರೆವಿನ ಕಾಯಿಲೆಗೆ ಕೊನೆಗೂ ಮದ್ದು’ ಎಂಬ ಸುದ್ದಿ ದಪ್ಪಕ್ಷರದಲ್ಲಿ ಬಂದಿತ್ತು. ನಮ್ಮ ತಾಯಿಗೆ ಅಲ್ಜೈಮರ್ ಬಂದು ಆರು ವರ್ಷವಾಯಿತು. ಆ ದಿನ ಬೆಳಕು ಹರಿಯುವಷ್ಟರಲ್ಲಿ ನಾಲ್ವರು ನೆಂಟರು ಆ ಸುದ್ದಿಯ ಫೋಟೊ ಕಳಿಸಿದ್ದರು. ಚಿಕ್ಕಪ್ಪನಂತೂ ಹಾಳೆ ಕತ್ತರಿಸಿಟ್ಟುಕೊಂಡು, ‘ಯಾವ ಡಾಕ್ಟರ ಹತ್ತಿರ ಸಿಗುತ್ತದಂತೆ?’ ಎಂದು ಫೋನ್ ಮಾಡಿದರು. ನಾನು ಕೊನೆಯವರೆಗೂ ಓದಿದೆ. ಐದನೆಯ ಪ್ಯಾರಾದಲ್ಲಿ ಇಲಿ ಸಿಕ್ಕಿತು: ಆ ಮದ್ದನ್ನು ಪರೀಕ್ಷಿಸಿದ್ದು ಇಲಿಗಳ ಮೇಲೆ.

ಇಲಿಯ ಮೇಲೆ ನನಗೇನೂ ಸಿಟ್ಟಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಯದಿದ್ದರೆ ಮರುವರ್ಷವೇ ಮಧುಮೇಹಿಗಳಿಗೆ ಇನ್ಸುಲಿನ್ ಸಿಗುತ್ತಿರಲಿಲ್ಲ. ಕುಷ್ಠರೋಗದ ಬ್ಯಾಕ್ಟೀರಿಯಾ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಇವತ್ತಿಗೂ ಬೆಳೆಯುವುದಿಲ್ಲ. ಅದಕ್ಕೆ ತಂಪಾದ ಮೈ ಬೇಕು. ಮೈಬಿಸಿ ಸುಮಾರು 32ರಿಂದ 35 ಡಿಗ್ರಿ ಇರುವ ಆರ್ಮಡಿಲೊ ಎಂಬ ಚಿಪ್ಪುಳ್ಳ ಪ್ರಾಣಿಯಲ್ಲಿ ಅದು ಬೆಳೆಯುತ್ತದೆಂದು 1971ರಲ್ಲಿ ಗೊತ್ತಾದ ಮೇಲೆಯೇ ಸಂಶೋಧಕರಿಗೆ ಆ ಬ್ಯಾಕ್ಟೀರಿಯಾ ಹೇರಳವಾಗಿ ಸಿಕ್ಕಿದ್ದು.

ಆದರೆ ಅಲ್ಜೈಮರ್ ಇಲಿಯ ಕತೆ ಬೇರೆ. ಇಲಿಗೆ ಆ ಕಾಯಿಲೆ ತಾನಾಗಿ ಬರುವುದೇ ಇಲ್ಲ. ಕೆಲವೇ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ಮರೆವು ತರುವ ದೋಷಯುಕ್ತ ಜೀನನ್ನು ಮನುಷ್ಯರಿಂದ ತಂದು ಅದರೊಳಗೆ ಸೇರಿಸುತ್ತಾರೆ. ಅದರ ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳು ಕಟ್ಟುತ್ತವೆ, ಆದರೆ ಮನುಷ್ಯರಲ್ಲಿ ಆಗುವಷ್ಟು ನರಕೋಶಗಳು ಸಾಯುವುದಿಲ್ಲ. ನಮ್ಮ ತಾಯಿಯಂಥ ಬಹುಪಾಲು ರೋಗಿಗಳಲ್ಲಿ ಆ ಜೀನ್ ದೋಷವೇ ಇರುವುದಿಲ್ಲ. ಔಷಧ ಕೊಟ್ಟ ಮೇಲೆ ಇಲಿಯನ್ನು ನೀರಿನ ತೊಟ್ಟಿಗೆ ಬಿಡುತ್ತಾರೆ. ನೀರಿನಡಿ ಅಡಗಿಸಿಟ್ಟ ಪುಟ್ಟ ಕಟ್ಟೆಯನ್ನು ಅದು ಬೇಗ ಹುಡುಕಿಕೊಂಡರೆ ‘ನೆನಪು ಮರಳಿತು’ ಎಂದು ಲೆಕ್ಕ. ನಮ್ಮ ತಾಯಿಗೆ ಬಚ್ಚಲುಮನೆಯ ದಾರಿ ಇನ್ನೂ ಗೊತ್ತು. ನಾನು ಯಾರೆಂಬುದು ಗೊತ್ತಿಲ್ಲ.

ಹೀಗೆ ಇಲಿಯಲ್ಲಿ ಗೆದ್ದ ಔಷಧಗಳು ಒಂದರ ಹಿಂದೊಂದು ಮನುಷ್ಯರಲ್ಲಿ ಸೋತವು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕನೆಮ್ಯಾಬ್ ಎಂಬ ಅಲ್ಜೈಮರ್ ಔಷಧ ಕೂಡ ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ರೋಗದ ಇಳಿಜಾರನ್ನು ಶೇ 27ರಷ್ಟು ನಿಧಾನಗೊಳಿಸಿತು, ಅಷ್ಟೆ. ಅದೂ ಆರಂಭದ ಹಂತದವರಲ್ಲಿ.

ಪ್ರಾಣಿಯನ್ನು ಪೂರಾ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಪೋಲಿಯೊ ಚರಿತ್ರೆಯನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೀಸಸ್ ಕೋತಿಗಳಲ್ಲಿ ಆ ವೈರಸ್ಸನ್ನು ಅಭ್ಯಾಸ ಮಾಡಿದರು. ಕೋತಿಯಿಂದ ಕೋತಿಯ ಮಿದುಳಿಗೆ ದಾಟಿಸಿ ದಾಟಿಸಿ ವೈರಸ್ ನರಗಳಿಗೇ ಒಗ್ಗಿಹೋಗಿತ್ತು. ಬಾಯಿಂದ ಕೊಟ್ಟರೆ ಆ ಕೋತಿಗಳಿಗೆ ಸೋಂಕು ಸುಲಭವಾಗಿ ತಗಲುತ್ತಿರಲಿಲ್ಲ, ಮೂಗಿಗೆ ಹಾಕಿದರೆ ತಗಲುತ್ತಿತ್ತು. ಹಾಗಾಗಿ ಪೋಲಿಯೊ ಮೂಗಿನಿಂದ ಬರುತ್ತದೆಂದು ತೀರ್ಮಾನಿಸಿದರು. 1937ರಲ್ಲಿ ಟೊರಾಂಟೊದಲ್ಲಿ ಸಾವಿರಾರು ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ದ್ರಾವಣ ಸಿಂಪಡಿಸಿದರು. ರೋಗ ತಡೆಯಲಿಲ್ಲ, ಕೆಲವು ಮಕ್ಕಳು ವಾಸನೆಯ ಶಕ್ತಿ ಕಳೆದುಕೊಂಡರು. ವೈರಸ್ ಬಾಯಿಂದ ಹೋಗಿ ಮನುಷ್ಯರ ಕರುಳಿನಲ್ಲಿ ಬೆಳೆಯುತ್ತಿತ್ತು. 1949ರಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಅದನ್ನು ನರಗಳಲ್ಲದ ಮಾನವ ಅಂಗಾಂಶದಲ್ಲಿ ಬೆಳೆಸಿ ತೋರಿಸಿದ ಮೇಲೆ ಲಸಿಕೆಯ ದಾರಿ ತೆರೆಯಿತು. ಮೂಗಿಗೆ ಸಿಂಪಡಿಸಿದ್ದೂ ಅದೇ ಟೊರಾಂಟೊದಲ್ಲಿ ನೋಡಿ, ಅದಕ್ಕೆ ಹದಿನಾರು ವರ್ಷ ಮೊದಲು ನಾಯಿಗಳು ಅಲ್ಲಿ ದಾರಿ ತೋರಿಸಿದ್ದವು.

2006ರಲ್ಲಿ ಲಂಡನ್ನಿನಲ್ಲಿ ಆರು ಆರೋಗ್ಯವಂತ ಯುವಕರಿಗೆ ಟಿಜಿಎನ್1412 ಎಂಬ ಔಷಧ ಕೊಟ್ಟಾಗಲೂ ಇಂಥದ್ದೇ ಆಯಿತು. ಕೋತಿಗಳಿಗೆ ಸುರಕ್ಷಿತವೆಂದು ಕಂಡ ಪ್ರಮಾಣದ ಐನೂರರಲ್ಲಿ ಒಂದು ಪಾಲಷ್ಟೇ ಕೊಟ್ಟಿದ್ದರು. ಕೆಲವೇ ಗಂಟೆಗಳಲ್ಲಿ ಆರೂ ಜನ ತೀವ್ರ ನಿಗಾ ಘಟಕದಲ್ಲಿದ್ದರು. ಪುಣ್ಯಕ್ಕೆ ಎಲ್ಲರೂ ಬದುಕಿದರು.

ತಪ್ಪೆಲ್ಲ ಪತ್ರಿಕೆಯವರದೇ ಎನ್ನುತ್ತಿಲ್ಲ. ಅಲ್ಜೈಮರ್ ಇಲಿಗಳ ಮೇಲಿನ ನೂರಾರು ಪ್ರಬಂಧಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ವಿಜ್ಞಾನಿಗಳೇ ತಮ್ಮ ಪ್ರಬಂಧದ ಹೆಸರಿನಲ್ಲಿ ‘ಇಲಿ’ ಎಂಬ ಪದ ಬಿಟ್ಟಾಗ ಪತ್ರಿಕೆಗಳೂ ಶೀರ್ಷಿಕೆಯಲ್ಲಿ ಅದನ್ನು ಬಿಡುವುದು ಹೆಚ್ಚು, ಅಂಥ ಪ್ರಬಂಧಗಳಿಗೆ ಪ್ರಚಾರವೂ ಹೆಚ್ಚು ಎಂದು ಅದು ಕಂಡುಕೊಂಡಿತು. ಯಾರಿಗೆ ಬೇಡ ಪ್ರಚಾರ!

ತದ್ವಿರುದ್ಧ ಉತ್ಪ್ರೇಕ್ಷೆಯೂ ಬೇಡ. 2022ರ ಡಿಸೆಂಬರಿನಲ್ಲಿ ಅಮೆರಿಕ ತನ್ನ ಔಷಧ ಕಾನೂನನ್ನು ತಿದ್ದಿತು. ಹೊಸ ಔಷಧವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಲೇಬೇಕೆಂಬ ಕಡ್ಡಾಯ ಹೋಯಿತೇ ಹೊರತು ಪ್ರಾಣಿ ಪ್ರಯೋಗ ನಿಂತಿಲ್ಲ. ಮಾನವ ಕೋಶಗಳಿಂದ ಬೆಳೆಸುವ ಮಿನಿ ಅಂಗಗಳು ಉಪಯುಕ್ತವೇ, ಆದರೆ ಅವು ಇಡೀ ದೇಹವಲ್ಲ.

ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರಯೋಗ ಇಲಿಯ ಮೇಲೆ ನಡೆದಿದ್ದರೆ ಶೀರ್ಷಿಕೆಯಲ್ಲೇ ‘ಇಲಿಗಳಲ್ಲಿ’ ಎಂದು ಸೇರಿಸಿ. ಮನುಷ್ಯರ ಮೇಲಿನ ಪರೀಕ್ಷೆ ಶುರುವಾಗಿದೆಯೋ ಇಲ್ಲವೋ ಎಂಬುದನ್ನು ಮೊದಲ ಪ್ಯಾರಾದಲ್ಲೇ ತಿಳಿಸಿ. ಆ ಮದ್ದು ಮುಂದೆಂದಾದರೂ ಮನುಷ್ಯರಲ್ಲಿ ಸೋತರೆ ಅದಕ್ಕೂ ಅಷ್ಟೇ ಜಾಗ, ಅಷ್ಟೇ ದಪ್ಪಕ್ಷರ ಕೊಡಿ. ಚಿಕ್ಕಪ್ಪ ಆ ಹಾಳೆಯನ್ನು ಇನ್ನೂ ಎಸೆದಿಲ್ಲ.

ಇತಿ,
ನಿಮ್ಮ ಹಳೆಯ ಓದುಗ