'ಙ'ಗೆ ಒಂದು ಪದ ಸಿಕ್ತು ಪುಟ್ಟಿ

ಪುಟ್ಟಿ,

ನಿನ್ನೆ ಫೋನಲ್ಲಿ ಸರಿಯಾಗಿ ಮಾತಾಡ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ, ನಾನೂ ನಿಮ್ಮಮ್ಮನೂ ಆಗಷ್ಟೇ ಬಿಂಗಾರಾದಿಂದ ವಾಪಸ್ ಬಂದಿದ್ವಿ, ತಲೆ ತುಂಬ ಅದೇ ಓಡ್ತಿತ್ತು. ಅದಕ್ಕೇ ಬರೀತಿದೀನಿ, ಉದ್ದ ಆಯ್ತು ಅನ್ಸಿದ್ರೆ ಟ್ರಾಮಲ್ಲಿ ಕೂತು ಓದ್ಕೋ.

ಈ ಆಸ್ಟ್ರೇಲಿಯಾದಲ್ಲಿ ನಾವಿರೋ ಟಾಮ್‌ವರ್ತಿಂದ ಉತ್ತರಕ್ಕೆ ಹೆಚ್ಚುಕಮ್ಮಿ ಎರಡು ಗಂಟೆ ದಾರಿ. ಗ್ವೈಡರ್ ನದಿ ದಂಡೆ ಮೇಲೆ ಸಾವಿರ ಚಿಲ್ಲರೆ ಜನದ ಊರು, ಗ್ರೀಸಿಂದ ಬಂದ ಮೂವರು 1936ರಲ್ಲಿ ಕಟ್ಟಿಸಿದ ರಾಕ್ಸಿ ಥಿಯೇಟರ್ ಇನ್ನೂ ಜಬರ್ದಸ್ತಾಗಿದೆ. ಫಿಂಚ್ ಸ್ಟ್ರೀಟ್ ಉದ್ದಕ್ಕೂ ಕಿತ್ತಳೆ ಮರ ಕಣೆ, ಕೊಂಬೆ ಬಗ್ಗೋ ಹಾಗೆ ಹಣ್ಣು, ಒಬ್ರೂ ಮುಟ್ಟಿಲ್ಲ. ನಿಮ್ಮಮ್ಮ ಸುಮ್ನಿರ್ತಾಳಾ, ಒಂದಕ್ಕೆ ಕೈ ಹಾಕಿದ್ಲು, ಬೆಂಚ್ ಮೇಲೆ ಕೂತಿದ್ದ ಅಜ್ಜಿ ಒಬ್ರು ಬೇಡ ಬೇಡ ಅಂತ ಕೈಯಾಡಿಸಿದ್ರು. ಯುದ್ಧದಲ್ಲಿ ಸತ್ತ ಊರಿನ ಹುಡುಗರ ನೆನಪಿಗೆ ನೆಟ್ಟ ಮರಗಳಂತೆ, ವರ್ಷಕ್ಕೊಂದ್ಸಲ ಶಾಲೆ ಮಕ್ಕಳೇ ಕೀಳೋದಂತೆ, ಅಲ್ಲೀವರೆಗೂ ಯಾರೂ ಮುಟ್ಟಂಗಿಲ್ಲ. ನಮ್ಮೂರಲ್ಲಾಗಿದ್ರೆ ಹೀಚಲ್ಲೇ ಖಾಲಿ!

ಆದ್ರೆ ನಾವು ಹೋಗಿದ್ದು ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿ.ಮೀ. ಆಚೆ ಇರೋ ಮಯಾಲ್ ಕ್ರೀಕ್ ನೋಡೋಕೆ. 1838ರಲ್ಲಿ ಅದು ಹೆನ್ರಿ ಡ್ಯಾಂಗರ್ ಅನ್ನೋನು ದನ ಮೇಯಿಸ್ತಿದ್ದ ಜಾಗ. ಆ ನೆಲದ ಆದಿವಾಸಿಗಳೇ ಆದ ವಿರ್ರಯರಾಯ್ ಜನ ಕೆಲವು ವಾರದಿಂದ ಅಲ್ಲಿನ ಗುಡಿಸಲುಗಳ ಪಕ್ಕದಲ್ಲೇ ಬೀಡು ಬಿಟ್ಟಿದ್ರು, ದನ ಕಾಯೋರ ಜೊತೆ ಸಲಿಗೆಯಿಂದಾನೇ ಇದ್ರು. ಜೂನ್ 10, ಭಾನುವಾರ, ವಯಸ್ಸಿನ ಗಂಡಸರು ಬೇರೆ ಕಡೆ ಕೆಲಸಕ್ಕೆ ಹೋಗಿದ್ದಾಗ ಕುದುರೆ ಮೇಲೆ ಬಂದ ದನಗಾಹಿಗಳ ಗುಂಪು ಉಳಿದೋರನ್ನ ಒಂದೇ ಹಗ್ಗಕ್ಕೆ ಕಟ್ಟಿ ಎಳ್ಕೊಂಡು ಹೋಗಿ ಕೊಂದುಹಾಕ್ತು. ಸುಮಾರು 28 ಜನ, ಹೆಚ್ಚಿನೋರು ಹೆಂಗಸರು, ಮಕ್ಕಳು, ಮುದುಕರು. ಅಲ್ಲೇ ದನ ಕಾಯ್ತಾ ದಿನಾ ಅವರ ಜೊತೆ ನಗ್ತಾ ಇದ್ದ ಕಿಲ್‌ಮೀಸ್ಟರ್ ಅನ್ನೋನೂ ಕೊಲ್ಲೋಕೆ ಹೊರಟ. ಆಂಡರ್ಸನ್ ಅಂತ ಗುಡಿಸಲು ನೋಡ್ಕೊಳ್ತಿದ್ದ ಒಬ್ಬ ಕೈದಿ ಮಾತ್ರ ನಾನು ಬರಲ್ಲ ಅಂದ, ಆಮೇಲೆ ಕೋರ್ಟಲ್ಲೂ ನಿಂತು ಹೇಳಿದ.

ಕೋರ್ಟಿನ ಕತೆ ಕೇಳು. ಸತ್ತೋರಲ್ಲಿ ಒಬ್ಬ ದೊಡ್ಡ ಆಳು, ಮುದುಕ, ಬಿಳಿಯರು ಅವನಿಗೆ ಇಟ್ಟಿದ್ದ ಹೆಸರು 'ಡ್ಯಾಡಿ'. ಮೊದಲನೇ ಕೇಸು ಅವನನ್ನ ಕೊಂದಿದ್ದಕ್ಕೆ. ಹೆಣಗಳನ್ನ ಸುಟ್ಟುಹಾಕಿದ್ರಲ್ಲ, ಉಳಿದ ಮೂಳೆ ಡ್ಯಾಡೀದೇ ಅಂತ ಹೆಂಗೆ ಹೇಳ್ತೀರಿ ಅನ್ನೋದೇ ವಾದ ಆಯ್ತು, ಜ್ಯೂರಿ ಕಾಲು ಗಂಟೆ ಹೆಚ್ಚುಕಮ್ಮಿ ಕೂತು ಹನ್ನೊಂದು ಆರೋಪಿಗಳನ್ನೂ ಬಿಟ್ಟುಬಿಡ್ತು. ಆದಿವಾಸಿಗಳು ಸಾಕ್ಷಿ ಹೇಳಂಗಿಲ್ಲ, ಯಾಕಂದ್ರೆ ಕ್ರೈಸ್ತರ ಹಾಗೆ ಪ್ರಮಾಣ ಮಾಡೋಕೆ ಬರಲ್ಲ. ಅಟಾರ್ನಿ ಜನರಲ್ ಪ್ಲಂಕೆಟ್ ಬಿಡಲಿಲ್ಲ, ಏಳು ಜನರ ಮೇಲೆ ಮತ್ತೆ ಕೇಸ್ ಹಾಕಿಸಿದ, ಈ ಸಲ ಒಂದು ಮಗು ಕೊಂದಿದ್ದಕ್ಕೆ. ಡಿಸೆಂಬರ್ 18ಕ್ಕೆ ಏಳೂ ಜನರಿಗೆ ಗಲ್ಲಾಯ್ತು. ಗುಂಪು ಕಟ್ಕೊಂಡು ಬಂದ ಫ್ಲೆಮಿಂಗ್ ಮಾತ್ರ ಸಿಗಲೇ ಇಲ್ಲ, ಆಮೇಲೆ ದಶಕಗಟ್ಟಲೆ ಆರಾಮಾಗಿ ಬದುಕಿದ.

ಆ ಮುದುಕನ ನಿಜವಾದ ಹೆಸರೇನಿತ್ತೋ ಅಂತ ದಾರಿಯುದ್ದಕ್ಕೂ ನಂಗೆ ಅದೇ. ನೀನು ಆರನೇ ಕ್ಲಾಸಲ್ಲಿ 'ಮೈಥಿಲಿನ ಮಿಲ್ಲಿ ಅಂತಾರಪ್ಪ' ಅಂತ ಅತ್ಕೊಂಡು ಬಂದಾಗ 'ಹೋಗ್ಲಿ ಬಿಡು' ಅಂದೋನು ನಾನೇ ಅಲ್ವಾ, ನಾಗರಾಜ ಹೋಗಿ ರಾಜ್ ಆಗಿದ್ದೂ ನಾನೇ ಒಪ್ಕೊಂಡು. ನಮ್ಮದನ್ನ ಅದಕ್ಕೆ ಹೋಲಿಸ್ತಿಲ್ಲ ಮಾರಾಯ್ತಿ, ನಾವು ವೀಸಾ ತಗೊಂಡು ಬಂದೋರು, ಮನೇನೂ ಅದೇ ನೆಲದ ಮೇಲೆ ಲೋನ್ ಮಾಡಿ ಕೊಂಡೋರು. ಆದ್ರೂ ಆವತ್ತು ನಿನ್ನ ಶಾಲೆಗೆ ಬಂದು ಒಂದ್ ಮಾತು ಹೇಳ್ಬೇಕಿತ್ತು.

ಸ್ಮಾರಕ ಅಂದ್ರೆ ದಿಬ್ಬದ ಮೇಲೆ ಒಂದು ದೊಡ್ಡ ಬಂಡೆ ಅಷ್ಟೆ, ಅಲ್ಲಿಗೆ ಕೆಂಪು ಮಣ್ಣಿನ ಅಂಕುಡೊಂಕು ದಾರಿ, ದಾರಿಯಲ್ಲಿ ಫಲಕ ಇರೋ ಏಳು ಕಲ್ಲು. 2000ನೇ ಇಸವಿ ಜೂನ್ 10ಕ್ಕೆ ಇಟ್ಟಿದ್ದು, ಲೆಕ್ಕ ಹಾಕು, 162 ವರ್ಷ ಆದ್ಮೇಲೆ! ಅವತ್ತು ಬದುಕಿ ಉಳಿದೋರ ಕಡೆಯೋರೂ ಕೊಂದೋರ ಕಡೆಯೋರೂ ಒಟ್ಟಿಗೆ ನಿಂತಿದ್ರಂತೆ. 2005ರಲ್ಲಿ ಯಾರೋ ಬಂದು ಫಲಕದಲ್ಲಿದ್ದ ಪದಗಳನ್ನ ಸುತ್ತಿಗೆಯಲ್ಲಿ ಜಜ್ಜಿ ಹೋಗಿದ್ರಂತೆ, ಮತ್ತೆ ಸರಿ ಮಾಡಿದ್ರು.

ಬಂಡೆ ಮೇಲೆ ಆ ಜನರದೇ ಗಮಿಲರಾಯ್ ಭಾಷೇಲಿ ಒಂದು ಸಾಲು ಇದೆ, 'ಅವರನ್ನ ನೆನೀತೀವಿ' ಅಂತ ಅರ್ಥ: ಙಿಯಾನಿ ವಿನಂಗಯ್ ಗನುಂಗ. ಮೊದಲನೇ ಅಕ್ಷರ ನೋಡಿದ್ಯಾ? ನಿಂಗೆ ಅಡುಗೆಮನೇಲಿ ಸ್ಲೇಟ್ ಹಿಡಿದು ಕ ಖ ಗ ಘ ಙ ಬರೆಸ್ತಿದ್ದಾಗ ಇದ್ರಿಂದ ಶುರುವಾಗೋ ಪದ ಯಾವ್ದಪ್ಪ ಅಂತ ಕೇಳಿದ್ದೆ, ನಾನು ತಡವರಿಸಿ ಮುಂದಿನ ಸಾಲಿಗೆ ಹೋಗಿದ್ದೆ. ನಿಮ್ಮಮ್ಮ ಆ ಗಾಳೀಲಿ ನಿಂತು ನಾಲ್ಕೈದು ಸಲ ಹೇಳಿ ನೋಡಿದ್ಲು, ನಂಗಿಂತ ಚೆನ್ನಾಗಿ ಬಂತು. ಭಾನುವಾರ ಫೋನ್ ಮಾಡಿದಾಗ ನೀನೂ ಹೇಳು ನೋಡೋಣ, 'ನಿಯಾನಿ' ಅಲ್ಲ, ಮೂಗಲ್ಲಿ ಬರ್ಬೇಕು.

ಅಪ್ಪ