ಗೆಳೆಯನಿಗೊಂದು ಪತ್ರ: ಸನ್‌ರೂಫ್ ಬಿಡು, ಸ್ಟೆಪ್ನಿ ನೋಡು

ಬೆಳಗಾವಿ

ಪ್ರಿಯ ಗೆಳೆಯಾ,

ನೀನು ಕಳಿಸಿದ ಎರಡೂ ಕಾರುಗಳ ಫೋಟೊ ನೋಡಿದೆ. ಒಂದು ಸಾಂಗ್ಲಿಯಲ್ಲಿ ನೋಂದಣಿಯಾದ, ಅಂದರೆ ಮಹಾರಾಷ್ಟ್ರ ಪಾಸಿಂಗ್‌ನ ದೊಡ್ಡ ಡೀಸೆಲ್ ಗಾಡಿ, 2017ರದು, ತಲೆಯ ಮೇಲೆ ಸನ್‌ರೂಫ್, ಒಳಗೆ ಕೆಂಪು ಸೀಟ್ ಕವರ್. ಇನ್ನೊಂದು ಬಾಗಲಕೋಟೆಯದೇ ಬಿಳಿ ವ್ಯಾಗನ್ ಆರ್, 2019ರ ಕೊನೆಯದು, ನಿವೃತ್ತ ಮಾಸ್ತರರೊಬ್ಬರ ಮನೆಯದು. ಎರಡಕ್ಕೂ ಹೆಚ್ಚುಕಡಿಮೆ ಮೂರೂವರೆ ಲಕ್ಷ ಹೇಳುತ್ತಿದ್ದಾರೆ. ಯಾವುದು ಕೊಳ್ಳಲಿ ಎಂದು ನನ್ನನ್ನು ಕೇಳಿದ್ದೀಯ. ಆದರೆ ಮೊದಲನೆಯದರ ಫೋಟೊ ಒಂದು ರಾಶಿ, ಎರಡನೆಯದರದು ಒಂದೇ ಒಂದು. ನಿನ್ನ ಮನಸ್ಸು ಯಾವ ಕಡೆ ವಾಲಿದೆ ಎಂಬುದು ಅಲ್ಲಿಯೇ ಗೊತ್ತಾಯಿತು. ಹಾಗಾಗಿ ಈ ಪತ್ರ ಕೊಂಚ ಉದ್ದವಾಗುತ್ತದೆ. ಬೇರೆ ಹುಡುಗರಿಗೂ ಉಪಯೋಗವಾಗಲಿ ಎಂದು ನೀನೇ ಹೇಳಿದ್ದರಿಂದ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ವಿದ್ಯಾರ್ಥಿಗೆ ಕಾರು ಏತಕ್ಕೆ ಎಂದು ನಿಮ್ಮ ಕಾಕಾ ಕೇಳಿದ್ದು ತಪ್ಪಲ್ಲ. ನವನಗರದ ರೂಮಿನಿಂದ ಉದ್ಯಾನಗಿರಿಯ ತರಗತಿಗೆ ಹೋಗಿಬರುವುದಷ್ಟೇ ಆಗಿದ್ದರೆ ನಾನೂ ಬಸ್ ಪಾಸ್ ತೋರಿಸಿ ಸುಮ್ಮನಾಗಿಸುತ್ತಿದ್ದೆ. ಆದರೆ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ದಾಳಿಂಬೆಯ ದುಂಡಾಣು ಅಂಗಮಾರಿ ರೋಗದ ಮೇಲೆ ಪಿಎಚ್‌ಡಿ ಮಾಡುವವನು ವಾರಕ್ಕೆರಡು ಸಲ ಹೊಲದಲ್ಲಿರಬೇಕು. ಎಲೆ, ಕಾಯಿಗಳ ಮಾದರಿಯನ್ನು ಐಸ್ ಡಬ್ಬಿಯಲ್ಲಿಟ್ಟು ಕೆಡದ ಹಾಗೆ ಪ್ರಯೋಗಾಲಯಕ್ಕೆ ತರಬೇಕು. ಬೀಳಗಿಯ ಒಳಹಳ್ಳಿಯ ತೋಟಕ್ಕೆ ಬಸ್ಸು ನಮಗೆ ಬೇಕಾದ ಹೊತ್ತಿಗೆ ಬರುವುದಿಲ್ಲ, ಬೈಕಿನ ಹಿಂದೆ ಕ್ರೇಟು ಕಟ್ಟಿಕೊಂಡು ಮೇ ತಿಂಗಳ ಬಿಸಿಲಲ್ಲಿ ಬಂದರೆ ಮಾದರಿಯ ಜೊತೆಗೆ ನೀನೂ ಬೆಂದಿರುತ್ತೀಯ. ಕಾರು ಬೇಕು, ಒಪ್ಪಿದೆ.

ಕೈಯಲ್ಲಿರುವುದು ನಾಲ್ಕು ಲಕ್ಷ. ಅದರಲ್ಲಿ ಅರವತ್ತು ಸಾವಿರವನ್ನು ಇಂದೇ ಬೇರೆ ಖಾತೆಗೆ ಹಾಕಿಬಿಡು, ಅದು ಇದೆ ಎಂಬುದನ್ನೂ ಮರೆತುಬಿಡು. ಹಳೆಯ ಗಾಡಿ ಮನೆಗೆ ಬಂದ ಮೊದಲ ತಿಂಗಳಲ್ಲೇ ಟೈರು, ಬ್ಯಾಟರಿ, ಆಯಿಲ್, ಬ್ರೇಕ್ ಪ್ಯಾಡ್, ವಿಮೆ, ಹೆಸರು ಬದಲಾವಣೆ ಎಂದು ಕೈ ಚಾಚುತ್ತದೆ. ಕೊಳ್ಳುವ ಬೆಲೆ ಒಂದು ದಿನದ ಮಾತು. ನಿನ್ನ ಶಿಷ್ಯವೇತನವನ್ನು ತಿಂಗಳು ತಿಂಗಳು ತಿನ್ನುವುದು ಇಟ್ಟುಕೊಳ್ಳುವ ಖರ್ಚು. ನಿನ್ನ ಎರಡು ಗಾಡಿಗಳು ಬೇರೆ ಬೇರೆಯಾಗುವುದು ಇಲ್ಲಿಯೇ.

ಡೀಸೆಲ್ ಉಳಿತಾಯ ಎನ್ನುತ್ತೀಯ. ಲೆಕ್ಕ ಹಾಕೋಣ. ನಿನ್ನ ಓಡಾಟ ತಿಂಗಳಿಗೆ ಎಂಟುನೂರು ಕಿಲೋಮೀಟರ್ ಎಂದುಕೊಳ್ಳೋಣ. ಸಣ್ಣ ಪೆಟ್ರೋಲ್ ಕಾರು ಲೀಟರಿಗೆ ಹದಿನಾರು ಕೊಟ್ಟರೂ ಐವತ್ತು ಲೀಟರ್ ಬೇಕು, ಲೀಟರಿಗೆ ನೂರರ ಮೇಲಾದರೆ ಐದು ಸಾವಿರ ಚಿಲ್ಲರೆ. ದೊಡ್ಡ ಡೀಸೆಲ್ ಗಾಡಿ ನಮ್ಮ ರಸ್ತೆಗಳಲ್ಲಿ ಹದಿನಾಲ್ಕು ಕೊಟ್ಟರೆ ಐವತ್ತೇಳು ಲೀಟರ್, ತೊಂಬತ್ತರ ಆಸುಪಾಸಿನ ದರಕ್ಕೆ ಅದೂ ಐದು ಸಾವಿರ ಚಿಲ್ಲರೆಯೇ. ಉಳಿದದ್ದೇನು? ಮೇಲಾಗಿ ಟರ್ಬೊ, ಇಂಜೆಕ್ಟರ್, ಕ್ಲಚ್‌ಗಳಲ್ಲಿ ಯಾವುದೊಂದು ಕೈಕೊಟ್ಟರೂ ಬಿಲ್ಲು ಹತ್ತಾರು ಸಾವಿರದಲ್ಲಿ ಬರುತ್ತದೆ. 2022ರ ಜೂನ್‌ನಲ್ಲಿ ಸರ್ಕಾರ ನಿಗದಿ ಮಾಡಿದ ದರದಲ್ಲಿ ಥರ್ಡ್ ಪಾರ್ಟಿ ವಿಮೆ ಸಾವಿರ ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿ ದಾಟಿದರೆ 7,897. ಅದರ ಮೇಲೆ ತೆರಿಗೆ ಬೇರೆ. ಏನೂ ಕೆಡದೆ ಮನೆ ಮುಂದೆ ನಿಂತಿದ್ದರೂ ಕೊಡಲೇಬೇಕಾದ ಹಣ ಇದು.

ಪೆಟ್ರೋಲ್ ಕಾರಿನ ಮೈಲೇಜನ್ನು ಬೇಕೆಂದೇ ಕಡಿಮೆ ಹಿಡಿದಿದ್ದೇನೆ. ನಮ್ಮ ಎರಡೂ ಜಿಲ್ಲೆಗಳ ಕಬ್ಬು ಎಥೆನಾಲ್ ಆಗಿ ಪೆಟ್ರೋಲ್ ಬಂಕಿಗೆ ಮರಳುತ್ತಿದೆ, ಈಗ ನೂರಕ್ಕೆ ಇಪ್ಪತ್ತು ಪಾಲು ಅದೇ. 2023ರ ಏಪ್ರಿಲ್‌ಗಿಂತ ಹಿಂದಿನ ಹೆಚ್ಚಿನ ಕಾರುಗಳು ಇಷ್ಟು ಎಥೆನಾಲ್‌ಗೆಂದು ತಯಾರಾದವಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಇಂಧನದ ರಬ್ಬರ್ ಪೈಪುಗಳ ಮೇಲೆ ಕಣ್ಣಿಡಬೇಕು. ರೈತನಿಗೆ ಒಳ್ಳೆಯದಾಗುತ್ತಿದ್ದರೆ ಆಗಲಿ ಬಿಡು, ಲೆಕ್ಕದಲ್ಲಿ ಮಾತ್ರ ಅದನ್ನು ಬಿಡಬಾರದು.

ಇನ್ನು ಮಹಾರಾಷ್ಟ್ರ ಪಾಸಿಂಗ್ ವಿಷಯ. ಗಡಿಯಾಚೆ ಅಗ್ಗ ಎಂದು ನಮ್ಮಲ್ಲಿ ಅರ್ಧ ಊರು ನಂಬಿದೆ. ಹೊರರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಲೇಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ್ದ ತೆರಿಗೆಯ ಉಳಿಕೆ ವಾಪಸು ಬೇಕೆಂದರೆ ಮತ್ತೊಂದು ಅರ್ಜಿ, ಮತ್ತೊಂದು ಓಡಾಟ. ನೀನು ಪ್ರಬಂಧ ಬರೆಯುತ್ತೀಯೋ, ಸಾಂಗ್ಲಿಯ ಕೌಂಟರಿನ ಮುಂದೆ ನಿಲ್ಲುತ್ತೀಯೋ? ‘ನಾನೇ ಎಲ್ಲ ಮಾಡಿಸಿಕೊಡುತ್ತೇನೆ’ ಎನ್ನುವ ಏಜೆಂಟರ ಮಾತು ಮುಂಗಡ ಕೈಗೆ ಬರುವವರೆಗೆ ಬಹಳ ಮಧುರ.

ಕಾಗದಪತ್ರಕ್ಕಿಂತ ದೊಡ್ಡ ಅನುಮಾನ ಆ ಬೆಲೆಯದು. ಅಂಥ ಗಾಡಿ ಅಷ್ಟು ಅಗ್ಗಕ್ಕೆ ಏಕೆ ಬಂತು? 2019ರ ಆಗಸ್ಟ್‌ನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ ಮುಳುಗಿದಾಗಲೇ ಸಾಂಗ್ಲಿ, ಕೊಲ್ಹಾಪುರವೂ ಮುಳುಗಿದ್ದವು. 2021ರ ಜುಲೈನಲ್ಲಿ ಅಲ್ಲಿ ಮತ್ತೆ ನೀರು ನುಗ್ಗಿತು. ಆ ನೀರಲ್ಲಿ ನಿಂತ ಗಾಡಿಗಳೆಲ್ಲ ಗುಜರಿಗೆ ಹೋಗಲಿಲ್ಲ. ಈ ಗಾಡಿ ಅಂಥದ್ದೇ ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲ ಎಂದು ಖಾತ್ರಿಯಾಗುವ ತನಕ ಮುಟ್ಟಬೇಡ. ಪರೀಕ್ಷೆ ನೀನೇ ಮಾಡಬಹುದು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆ. ಮೊದಲ ಮೊಳವನ್ನು ಎಲ್ಲರೂ ತೊಳೆಯುತ್ತಾರೆ, ಸುರುಳಿಯ ಒಳಗಿನ ಕೊನೆಯ ಗೇಣನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಕಂದು ಗೆರೆಯೋ ಮಣ್ಣಿನ ವಾಸನೆಯೋ ಇದ್ದರೆ ಬಾಗಿಲು ಹಾಕಿ ನಮಸ್ಕಾರ ಹೇಳಿ ಬಾ. ಸೀಟಿನ ಕೆಳಗಿನ ಹಳಿಗೆ ತುಕ್ಕು, ಕಾಲಡಿಯ ಕಾರ್ಪೆಟ್ಟಿನ ಅಡಿಯಲ್ಲಿ ಒಣಗಿದ ರಾಡಿ, ಹೆಡ್‌ಲೈಟಿನ ಗಾಜಿನೊಳಗೆ ನೀರಿನ ಗೆರೆ, ಇವೂ ಅದೇ ಕಥೆ ಹೇಳುತ್ತವೆ. ಹೊಸ ಕೆಂಪು ಸೀಟ್ ಕವರ್ ನೋಡಿ ನೀನು ಮರುಳಾದೆ, ನನಗೆ ಅದರ ಕೆಳಗೆ ಏನಿದೆ ಎಂಬ ಚಿಂತೆ.

ಈಗ ಮಾಸ್ತರರ ವ್ಯಾಗನ್ ಆರ್. ಇದೇನು ದೋಷವಿಲ್ಲದ ಗಾಡಿ ಎಂದು ಹೊಗಳಲಾರೆ. ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಈ ಮಾದರಿಗೆ 2019ರಲ್ಲಿ ಎರಡು ಸ್ಟಾರ್, 2023ರಲ್ಲಿ ಒಂದೇ ಸ್ಟಾರ್ ಸಿಕ್ಕಿತ್ತು. ವೇಗ ಹೆಚ್ಚಾದರೆ ಗಾಳಿಗೆ ಓಲಾಡುತ್ತದೆ. ಆದರೂ 2019ರ ಕೊನೆಯದು ಎಂಬುದರಲ್ಲಿ ಒಂದು ಅನುಕೂಲವಿದೆ. ಆ ವರ್ಷದ ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ವ್ಯವಸ್ಥೆ), ಜುಲೈನಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ಹಿಂದಿನ ಪಾರ್ಕಿಂಗ್ ಸೆನ್ಸರ್ ಎಲ್ಲ ಕಾರುಗಳಿಗೂ ಕಡ್ಡಾಯವಾದವು. ಪಕ್ಕದ ಸೀಟಿನ ಏರ್‌ಬ್ಯಾಗ್ ಹಳೆಯ ಮಾದರಿಗಳಿಗೆ ಕಡ್ಡಾಯವಾದದ್ದು 2022ರಿಂದ. ಹಾಗಾಗಿ ಮಾಸ್ತರರ ಗಾಡಿಯಲ್ಲಿ ಎರಡನೆಯ ಏರ್‌ಬ್ಯಾಗ್ ಇದೆಯೇ ಕೇಳು, ಇದ್ದರೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನವೆಂಬರಿನಿಂದ ಕಬ್ಬು ನುರಿಸುವ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಮಹಾಲಿಂಗಪುರದ ರಸ್ತೆ ಹೇಗಿರುತ್ತದೆಂದು ನಿನಗೆ ನಾನು ಹೇಳಬೇಕೆ? ಹಿಂದೆ ಕೆಂಪು ದೀಪವಿಲ್ಲದ ಜೋಡಿ ಟ್ರ್ಯಾಲಿ, ಎರಡೂ ಬದಿಗೆ ಚಾಚಿದ ಕಬ್ಬು, ಎದುರಿನಿಂದ ಕಣ್ಣು ಕುಕ್ಕುವ ಲೈಟು. ಅಲ್ಲಿ ನಿನ್ನನ್ನು ಕಾಯುವುದು ಒಳ್ಳೆಯ ಬ್ರೇಕು, ಒಳ್ಳೆಯ ಟೈರು, ಮಂಕಾಗದ ಹೆಡ್‌ಲೈಟು.

ಇದರ ಎಂಜಿನ್ನಿನ ಒಳಭಾಗಗಳನ್ನು ತಾಳಕ್ಕೆ ಸರಿಯಾಗಿ ತಿರುಗಿಸುವುದು ಟೈಮಿಂಗ್ ಚೈನ್, ಬೆಲ್ಟ್ ಅಲ್ಲ. ಗಡುವಿಗೆ ಸರಿಯಾಗಿ ಬೆಲ್ಟ್ ಬದಲಾಯಿಸುವ ಖರ್ಚು ಉಳಿಯಿತು. ಆಯಿಲ್ ಮಾತ್ರ ಹೊತ್ತಿಗೆ ಸರಿಯಾಗಿ ಬದಲಾಗಿರಬೇಕು, ಇಲ್ಲವಾದರೆ ಚೈನೂ ಸದ್ದು ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮುಧೋಳದಲ್ಲಿ ಗಾಡಿ ನಿಂತರೆ ಮುಧೋಳದ ಮಿಸ್ತ್ರಿಯೇ ಬಿಚ್ಚಿ ಜೋಡಿಸಬಲ್ಲ, ಬಿಡಿಭಾಗ ಸಂಜೆಯೊಳಗೆ ಸಿಗುತ್ತದೆ. ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ದಿನವಿಡೀ ಎಂಜಿನ್ ಭಾಗಗಳನ್ನು ಅಳೆಯುವ ನನಗೆ ಒಂದಂತೂ ಗೊತ್ತು: ಕೆಡದ ಯಂತ್ರ ಎಂಬುದಿಲ್ಲ, ಸುಲಭವಾಗಿ ರಿಪೇರಿಯಾಗುವ ಯಂತ್ರ ಎಂಬುದಿದೆ. ಕಳೆದ ತಿಂಗಳು ನೀನು ಕಣ್ಣು ಹಾಕಿದ್ದ ಷೆವರ್ಲೆ ಅಗ್ಗವಾಗಿದ್ದದ್ದೂ ಇದೇ ಕಾರಣಕ್ಕೆ. ಆ ಕಂಪನಿ 2017ರ ಕೊನೆಗೆ ಇಲ್ಲಿಯ ಮಾರಾಟ ನಿಲ್ಲಿಸಿತು. ಗಾಡಿ ಗಟ್ಟಿಯಾಗಿಯೇ ಇರಬಹುದು, ಆದರೆ ಒಂದು ಲೈಟಿನ ಗಾಜಿಗೆ ಊರೂರು ಫೋನ್ ಮಾಡುವುದು ನಿನ್ನಿಂದ ಆಗದು.

ಮಾಸ್ತರರ ಮನೆಗೆ ಹೋದಾಗ ಚಹಾ ಕುಡಿ, ಆದರೆ ಚಹಾದ ದಾಕ್ಷಿಣ್ಯಕ್ಕೆ ಬೀಳಬೇಡ. ಮೊದಲು ಹಿಂದೆ ಸಾಮಾನು ಇಡುವ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿಯನ್ನು, ಅಂದರೆ ಹೆಚ್ಚುವರಿ ಚಕ್ರವನ್ನು, ಹೊರಗೆ ತೆಗೆ. ಬಣ್ಣ ಹೊಡೆದು ಹೊಳೆಯಿಸುವವರು ಈ ಕುಳಿಗೆ ಇಳಿಯುವುದು ಕಡಿಮೆ. ತಗಡು ಸುಕ್ಕಾಗಿದ್ದರೆ, ಕಂಪನಿಯ ಸಮನಾದ ಬೆಸುಗೆ ಚುಕ್ಕೆಗಳ ಬದಲು ಅಂಕುಡೊಂಕು ಬೆಸುಗೆ ಕಂಡರೆ ಹಿಂದಿನಿಂದ ಯಾರೋ ಗುದ್ದಿದ್ದಾರೆ. ಆಮೇಲೆ ಸ್ಟೆಪ್ನಿಯ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದು. 3519 ಎಂದಿದ್ದರೆ 2019ರ ಮೂವತ್ತೈದನೆಯ ವಾರದಲ್ಲಿ ತಯಾರಾದ ಟೈರು, ಅಂದರೆ ಗಾಡಿಯ ಜೊತೆಗೇ ಬಂದದ್ದು. ಉಳಿದ ನಾಲ್ಕರ ಅಂಕಿಯನ್ನೂ ಓದು. ಮೀಟರ್ ಇಪ್ಪತ್ತೆಂಟು ಸಾವಿರ ತೋರಿಸುತ್ತಿದ್ದು, ನಾಲ್ಕೂ ಟೈರು ಒಮ್ಮೆ ಬದಲಾಗಿ ಮತ್ತೆ ಸವೆದಿದ್ದರೆ, ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಮೀಟರನ್ನು ನಂಬಬೇಡ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ನೋಂದಣಿ ಸಂಖ್ಯೆ ಹೇಳಿದರೆ ಪ್ರತಿ ಸರ್ವಿಸ್‌ನಲ್ಲಿ ಎಷ್ಟು ಓಡಿತ್ತು ಎಂಬ ದಾಖಲೆ ಇರುತ್ತದೆ. ಮಾಸ್ತರರನ್ನೇ ಜೊತೆಗೆ ಕರೆದುಕೊಂಡು ಹೋಗು, ಸುಲಭವಾಗುತ್ತದೆ.

ಎಸಿಯನ್ನು ಬೆಳಿಗ್ಗೆ ಪರೀಕ್ಷಿಸಬೇಡ. ಮಧ್ಯಾಹ್ನ ಎರಡಕ್ಕೆ, ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ, ಎಂಜಿನ್ ಓಡುತ್ತಿರುವಂತೆಯೇ ನಿಂತಲ್ಲೇ ಕಾಲು ಗಂಟೆ ಹಾಕಿ ನೋಡು. ಆಗ ತಂಪಾದರೆ ಬಾಗಲಕೋಟೆಯ ಬೇಸಿಗೆಗೆ ಸಾಕು. ಅದೇ ಹೊತ್ತಿಗೆ ಎಂಜಿನ್ನಿನ ತಾಪದ ಎಚ್ಚರಿಕೆ ದೀಪ ಹೊತ್ತುತ್ತದೆಯೇ ಎಂದೂ ನೋಡಿಕೋ.

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೀನೇ ನೋಡಬಹುದಾದದ್ದು: ಎಷ್ಟನೆಯ ಮಾಲೀಕರು, ಸಾಲದ ಹೊರೆ ಇದೆಯೇ, ವಿಮೆ ಯಾವಾಗ ಮುಗಿಯುತ್ತದೆ, ದಂಡ ಬಾಕಿ ಇದೆಯೇ. ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಸಾಲದ ಹೊರೆ ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಇಬ್ಬರೂ ಸಹಿ ಮಾಡಿದ ದಿನವೇ ಅರ್ಜಿ ಹಾಕು. ‘ಆಮೇಲೆ ಮಾಡಿದರಾಯಿತು’ ಎಂದು ಬಿಟ್ಟವರ ಗಾಡಿಗಳು ಇನ್ನೂ ಹಳೆಯ ಮಾಲೀಕರ ಹೆಸರಲ್ಲೇ ಓಡುತ್ತಿವೆ. ವಿಮೆಯನ್ನೂ ಹದಿನಾಲ್ಕು ದಿನದೊಳಗೆ ನಿನ್ನ ಹೆಸರಿಗೆ ಕೇಳಿಕೊಳ್ಳಬೇಕು. ಪಾಲಿಸಿಯಲ್ಲಿನ ನೋ ಕ್ಲೇಮ್ ಬೋನಸ್, ಅಂದರೆ ವಿಮೆ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ನಿನಗೆ ಬರುವುದಿಲ್ಲ, ಅದು ಮಾಸ್ತರರದು. ಆದರೆ ಅದು ಸೊನ್ನೆ ಎಂದಿದ್ದರೆ ಹಿಂದಿನ ವರ್ಷ ಏನಾಗಿತ್ತು ಎಂದು ಮೆಲ್ಲಗೆ ಕೇಳು.

ಬೆಲೆಯ ಮಾತು ಬಂದಾಗ ಒಂದು ವಿಷಯ ಕೈಯಲ್ಲಿಟ್ಟುಕೋ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹೊಸದು ಅಗ್ಗವಾದ ಮೇಲೆ ಹಳೆಯದು ಹಳೆಯ ಬೆಲೆಯಲ್ಲೇ ನಿಂತಿರಬಾರದು. ಮೂರೂವರೆ ಎಂದವರು ಮೂರು ಇಪ್ಪತ್ತಕ್ಕೆ ಬರಬೇಕು ಎಂಬುದು ನನ್ನ ಅಂದಾಜು. ಚೌಕಾಶಿಯನ್ನು ನಿಮ್ಮ ಕಾಕಾ ಅವರಿಗೆ ಬಿಡು, ಎಮ್ಮೆ ವ್ಯಾಪಾರದಲ್ಲಿ ಪಳಗಿದವರು. ನೀನಾದರೆ ಮುಖದಲ್ಲೇ ಖುಷಿ ತೋರಿಸಿ ಬೆಲೆ ಏರಿಸುತ್ತೀಯ.

ದೀಪಾವಳಿ ಪಾಡ್ಯಕ್ಕೆ ಗಾಡಿ ಮನೆ ಮುಂದೆ ಇರಬೇಕು ಎಂದು ನಿಮ್ಮ ಅವ್ವ ಬಯಸುತ್ತಿರುವುದು ಗೊತ್ತು. ಆ ದಿನದ ಮಾತನ್ನು ಮಾರುವವರ ಕಿವಿಗೆ ಮಾತ್ರ ಹಾಕಬೇಡ, ನಿನಗೆ ಅವಸರವಿದೆ ಎಂದು ಗೊತ್ತಾದ ಕ್ಷಣದಿಂದ ಅವರು ಒಂದು ರೂಪಾಯಿಗೂ ಜಗ್ಗುವುದಿಲ್ಲ. ಪಾಡ್ಯ ತಪ್ಪಿದರೆ ತುಳಸಿ ಲಗ್ನ ಇದೆ, ಅದೂ ತಪ್ಪಿದರೆ ಸಂಕ್ರಾಂತಿ ಇದೆ. ಅವ್ವನಿಗೆ ನಾನೇ ಹೇಳುತ್ತೇನೆ.

ಶನಿವಾರ ಬೆಳಿಗ್ಗೆ ಯರಗಟ್ಟಿ, ಲೋಕಾಪುರದ ಬಸ್ಸಿಗೆ ಹೊರಟು ಮಧ್ಯಾಹ್ನದ ಊಟಕ್ಕೆ ನಿನ್ನ ರೂಮಿಗೆ ಬರುತ್ತೇನೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡ, ಸಾಂಗ್ಲಿಯವರಿಗಂತೂ ಬೇಡವೇ ಬೇಡ. ಮಾಸ್ತರರಿಗೆ ಮಾತ್ರ ಫೋನ್ ಮಾಡಿ, ನಾವು ಬರುವ ತನಕ ಆ ದಿನ ಗಾಡಿಯನ್ನು ಚಾಲೂ ಮಾಡಬೇಡಿ ಎಂದು ಹೇಳು. ತಣ್ಣಗಿರುವ ಎಂಜಿನ್ ಮೊದಲ ಸಲ ಹೊತ್ತಿಕೊಳ್ಳುವ ಸದ್ದು ನನಗೆ ಬೇಕು, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆಯೇ ಎಂಬುದೂ ಆಗಲೇ ಕಾಣುವುದು.

ಇಂತಿ ನಿನ್ನ ಗೆಳೆಯ